ಸಣ್ಣ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟುವ ಮುನ್ನ: ಬಿರುಗಾಳಿ ಬಿಡಿ, ನಿದ್ದೆ ವಿಚಾರಿಸಿ

ಪ್ರಶ್ನೆ: ನಾನು ಮೈಸೂರಿನವನು, ಕೆಲಸದ ಮೇಲೆ ನೆದರ್‌ಲೆಂಡ್ಸ್‌ನಲ್ಲಿದ್ದೇನೆ. ಐಸೆಲ್‌ಮೇರ್ ಸರೋವರದಲ್ಲಿ ವೀಕೆಂಡ್‌ಗಳಲ್ಲಿ ಹಾಯಿದೋಣಿ ನಡೆಸುವುದು ಕಲಿತಿದ್ದೇನೆ. ಅಲ್ಲಿ ಪರಿಚಯವಾದ ಒಬ್ಬರು ಈ ನವೆಂಬರ್‌ನಲ್ಲಿ ತಮ್ಮ 12 ಮೀಟರ್ ಉದ್ದದ ಯಾಟ್‌ನಲ್ಲಿ ಕೆನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಹೊರಟಿದ್ದಾರೆ. ನಾಲ್ಕನೆಯವನಾಗಿ ನನ್ನನ್ನು ಕರೆಯುತ್ತಿದ್ದಾರೆ. ಸುಮಾರು ಮೂರು ವಾರ ನೆಲವೇ ಕಾಣಿಸುವುದಿಲ್ಲವಂತೆ. ಬಿರುಗಾಳಿ ಬಂದರೆ ಗತಿ ಏನು? ನಾನು ಸಸ್ಯಾಹಾರಿ, ಊಟಕ್ಕೆ ಏನು ಮಾಡುವುದು? ಇಡೀ ದಿನ ಅಲ್ಲಿ ಏನು ಕೆಲಸ ಇರುತ್ತದೆ? ಮನೆಯಲ್ಲಿ ಹೆಂಡತಿ ಬೇಡ ಅನ್ನುತ್ತಿದ್ದಾಳೆ. ಹೋಗಲೋ ಬೇಡವೋ?

ಉತ್ತರ: ನಿಮ್ಮ ಮೊದಲ ಪ್ರಶ್ನೆ ಬಿರುಗಾಳಿಯದು. ಎಲ್ಲರದ್ದೂ ಅದೇ. ನಿದ್ದೆಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಈ ದಾರಿಯಲ್ಲಿ ಜನರನ್ನು ಹಣ್ಣು ಮಾಡುವುದು ನಿದ್ದೆಗೇಡು. ದೋಣಿಯೊಳಗಿನ ಜಗಳ, ಒಲೆಯ ಹತ್ತಿರ ಸುಟ್ಟ ಕೈ, ಹರಿದ ಹಾಯಿ, ಹತ್ತಿರ ಬರುವವರೆಗೂ ಕಣ್ಣಿಗೆ ಬೀಳದ ಹಡಗು, ಯಾವುದರ ಜಾಡು ಹಿಡಿದು ಹೋದರೂ ಬಹಳ ಸಲ ಕೊನೆಗೆ ಸರಿಯಾಗಿ ಮಲಗದ ಒಬ್ಬ ಮನುಷ್ಯ ಸಿಗುತ್ತಾನೆ. ಹಾಗಾಗಿ ಬಿರುಗಾಳಿಯ ಮಾತು ಬೇಗ ಮುಗಿಸಿ ನಿದ್ದೆಗೆ ಬರುತ್ತೇನೆ.

ಗ್ರಾನ್ ಕನಾರಿಯಾದ ಲಾಸ್ ಪಾಲ್ಮಾಸ್‌ನಿಂದ ಸೇಂಟ್ ಲೂಸಿಯಾ ದ್ವೀಪಕ್ಕೆ ಸುಮಾರು 2,700 ನಾಟಿಕಲ್ ಮೈಲಿ. ನಮ್ಮ ಲೆಕ್ಕದಲ್ಲಿ 5,000 ಕಿಲೋಮೀಟರ್. ಶಾಲೆಯ ಭೂಗೋಳದಲ್ಲಿ ವಾಣಿಜ್ಯ ಮಾರುತ ಅಂತ ಓದಿದ್ದೆವಲ್ಲ, ಈಶಾನ್ಯದಿಂದ ಬೀಸುವ ಆ ಗಾಳಿಯೇ ಇಲ್ಲಿ ಎಂಜಿನ್. 1492ರ ಸೆಪ್ಟೆಂಬರ್ 6ಕ್ಕೆ ಕೊಲಂಬಸ್ ಇದೇ ಕೆನರಿಯ ಗೊಮೇರಾ ದ್ವೀಪದಿಂದ ಹೊರಟು ಅಕ್ಟೋಬರ್ 12ಕ್ಕೆ ಆಚೆ ದಡ ಕಂಡದ್ದು ಇದೇ ಗಾಳಿ ಬೆನ್ನಿಗಿದ್ದದ್ದರಿಂದ. ಹಳೇ ನಾವಿಕರ ಮಾತೊಂದಿದೆ: ಬೆಣ್ಣೆ ಕರಗುವವರೆಗೆ ದಕ್ಷಿಣಕ್ಕೆ ಹೋಗಿ, ಆಮೇಲೆ ಪಶ್ಚಿಮಕ್ಕೆ ತಿರುಗಿ. ಈಗ ಹವಾಮಾನದ ಫೈಲ್‌ಗಳು ಉಪಗ್ರಹದ ಮೂಲಕ ದಿನಾ ಬರುತ್ತವೆ. ಆದರೂ ದಾರಿ ಹೆಚ್ಚು ಕಡಿಮೆ ಅದೇ.

ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಅದಕ್ಕೇ ದೋಣಿಗಳು ನವೆಂಬರ್ ಕೊನೆಗೆ ಹೊರಡುವುದು. ಎಆರ್‌ಸಿ ಅನ್ನುವ ದೊಡ್ಡ ಸಾಮೂಹಿಕ ಯಾನ 1986ರಲ್ಲಿ ಶುರುವಾಯಿತು. ಅದೂ ಲಾಸ್ ಪಾಲ್ಮಾಸ್ ಬಿಡುವುದು ಆ ಹೊತ್ತಿಗೇ. ಈ ಕಾಲದಲ್ಲಿ ಸಾಮಾನ್ಯವಾಗಿ 15ರಿಂದ 25 ನಾಟ್ ಗಾಳಿ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ), ಎರಡು ಮೂರು ಮೀಟರ್ ಅಲೆ. ಗಾಳಿ, ಅಲೆ ಎರಡೂ ಹಿಂದಿನಿಂದ ಬರುತ್ತವೆ. ಇದರಿಂದ ಬಹಳ ಕಷ್ಟ ಕಡಿಮೆಯಾಗುತ್ತದೆ. ನಿಮ್ಮ ಐಸೆಲ್‌ಮೇರ್‌ನಲ್ಲಿ ಗಾಳಿಗೆ ಎದುರಾಗಿ ಅರ್ಧ ದಿನ ಗುದ್ದಾಡಿದ್ದೀರಲ್ಲ, ಆ ಥರದ ಗುದ್ದಾಟ ಇಲ್ಲಿ ತೀರ ಕಡಿಮೆ.

ಬರುವುದು ಸ್ಕ್ವಾಲ್‌ಗಳು. ಅಂದರೆ ಒಂದೇ ಕಪ್ಪು ಮೋಡ, ಅದರ ಕೆಳಗೆ ದಿಢೀರ್ ಗಾಳಿ, ಜೊತೆಗೆ ಮಳೆ. 18 ನಾಟ್ ಇದ್ದದ್ದು ನಿಮಿಷದಲ್ಲಿ 35 ಆಗಬಹುದು. ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಹಗಲಲ್ಲಿ ದೂರದಿಂದಲೇ ಕಾಣುತ್ತದೆ. ಕೆಲವರು ಸೋಪು ಹಿಡಿದು ಡೆಕ್ ಮೇಲೆ ಕಾಯುವುದೂ ಉಂಟು, ಪುಕ್ಕಟೆ ಸಿಹಿನೀರಿನ ಸ್ನಾನ! ರಾತ್ರಿ ಮಾತ್ರ ನಕ್ಷತ್ರಗಳು ಒಂದು ಕಡೆಯಿಂದ ಮಾಯವಾಗುತ್ತಾ ಬಂದರೆ ಎಚ್ಚರ. ರೇಡಾರ್ ಇದ್ದರೆ ಮಳೆಮೋಡ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ತಿಳಿದ ಸ್ಕಿಪ್ಪರ್‌ಗಳು, ಅಂದರೆ ದೋಣಿಯ ಮುಖ್ಯಸ್ಥರು, ಕತ್ತಲಾಗುವ ಮುಂಚೆಯೇ ಹಾಯಿ ಸ್ವಲ್ಪ ಮಡಿಸಿ ಚಿಕ್ಕದು ಮಾಡಿಬಿಡುತ್ತಾರೆ. ರಾತ್ರಿಗೆ ಅರ್ಧ ನಾಟ್ ವೇಗ ಹೋಗುತ್ತದೆ, ಹೋಗಲಿ ಬಿಡಿ. ಮಲಗಿದವರನ್ನು ಎಬ್ಬಿಸುವ ಕೆಲಸ ತಪ್ಪಿತಲ್ಲ.

ಇನ್ನು ನಿದ್ದೆ.

ಗಾಳಿ ಹಿಂದಿನಿಂದ ಬರುವುದರಿಂದ ಒಂದು ತೊಂದರೆಯೂ ಇದೆ. ದೋಣಿ ಎಡಕ್ಕೆ ಬಲಕ್ಕೆ ಹೊರಳುತ್ತದೆ. ಹಗಲು ರಾತ್ರಿ, ಕೆಲವು ಸೆಕೆಂಡಿಗೊಮ್ಮೆ, ಮೂರು ವಾರ. ಶಿರಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನೊಳಗೆ ನಿಂತೇ ಬಂದ ಹಾಗೆ, ಆದರೆ ಘಾಟಿ ಮುಗಿಯುವುದೇ ಇಲ್ಲ. ಸುಮ್ನೆ ಕೂತಾಗಲೂ ಹೊಟ್ಟೆ, ಬೆನ್ನು, ಕುತ್ತಿಗೆಯ ಸ್ನಾಯುಗಳು ಕೆಲಸ ಮಾಡುತ್ತಲೇ ಇರುತ್ತವೆ. ಏನೂ ಮಾಡದೇ ಸುಸ್ತಾಗುವುದು ಇದಕ್ಕೇ.

ಈ ಹೊರಳಾಟದಲ್ಲಿ ಅಗಲವಾದ ಹಾಸಿಗೆ ದಂಡ. ಹಿಂಭಾಗದ ಡಬಲ್ ಬೆಡ್ ಕ್ಯಾಬಿನ್ ಫೋಟೋದಲ್ಲಿ ಚೆಂದ, ಸಮುದ್ರದಲ್ಲಿ ರಾತ್ರಿಯಿಡೀ ಈ ಗೋಡೆಯಿಂದ ಆ ಗೋಡೆಗೆ ಉರುಳಬೇಕು. ನಿದ್ದೆ ಬರುವುದು ದೋಣಿಯ ನಡುಭಾಗದಲ್ಲಿ, ತಗ್ಗಿನಲ್ಲಿ, ಭುಜದಷ್ಟೇ ಅಗಲದ ಹಾಸಿನಲ್ಲಿ. ಅದರ ಪಕ್ಕಕ್ಕೆ ಗಟ್ಟಿ ಬಟ್ಟೆಯ ತಡೆಯೊಂದನ್ನು ಮೇಲಕ್ಕೆ ಎಳೆದು ಕಟ್ಟುತ್ತಾರೆ, ಬೀಳದ ಹಾಗೆ. ಮಂಡಿಯ ಕೆಳಗೆ ಒಂದು ದಿಂಬು, ಬೆನ್ನ ಹಿಂದೆ ಇನ್ನೊಂದು. ಮೈ ಅಲ್ಲಾಡದಂತೆ ಸಿಕ್ಕಿಸಿಕೊಂಡರೆ ಸ್ನಾಯು ಸಡಿಲವಾಗುತ್ತದೆ, ಆಗ ಕಣ್ಣು ಮುಚ್ಚುತ್ತದೆ.

ಆಮೇಲೆ ಶಬ್ದ. ಫೈಬರ್‌ಗ್ಲಾಸ್ ಗೋಡೆಯ ಆಚೆ, ಕಿವಿಯಿಂದ ಒಂದು ಗೇಣಿನೊಳಗೆ ನೀರು ಹರಿಯುತ್ತಿರುತ್ತದೆ. ಅದಕ್ಕೆ ಎರಡು ದಿನದಲ್ಲಿ ಒಗ್ಗಿಕೊಳ್ಳುತ್ತೀರಿ. ಒಗ್ಗದೇ ಇರುವುದು ಸಣ್ಣ ಶಬ್ದಗಳು. ಯಾವುದೋ ಕಪಾಟಿನಲ್ಲಿ ಒಂದು ಟೊಮ್ಯಾಟೊ ಡಬ್ಬಿ ಮಾತ್ರ ಸಡಿಲವಾಗಿದೆ. ಟಕ್. ಎರಡು ಸೆಕೆಂಡ್ ಬಿಟ್ಟು ಮತ್ತೆ ಟಕ್. ಎದ್ದು ಹುಡುಕಲು ಹೋದರೆ ನಿಂತುಬಿಡುತ್ತದೆ. ಮಲಗಿದರೆ ಶುರು. ಅನುಭವ ಇದ್ದವರು ಹೊರಡುವ ಮೊದಲೇ ಹಳೇ ಕಾಲುಚೀಲ, ಟವೆಲ್‌ಗಳನ್ನು ರಾಶಿ ಹಾಕಿಕೊಂಡು ಪ್ರತಿ ಸಂದಿಗೂ ತುರುಕುತ್ತಾರೆ. ಕಿವಿಗೆ ಹಾಕುವ ಮೇಣದ ಬಿರಡೆ ಒಂದು ಡಬ್ಬಿ ತಗೊಂಡು ಹೋಗಿ. ಆದರೆ ಅದನ್ನು ಹಾಕಿಕೊಂಡಿದ್ದೀರಿ ಅಂತ ಪಾಳಿಯವರಿಗೆ ಹೇಳಿಟ್ಟಿರಿ. ಕೂಗಿದರೆ ಏಳುವುದಿಲ್ಲ, ಕಾಲು ಹಿಡಿದು ಅಲ್ಲಾಡಿಸಬೇಕು ಅಂತ ಅವರಿಗೆ ಗೊತ್ತಿರಲಿ.

ನಾಲ್ಕು ಜನ ಇರುವುದು ನಿಮ್ಮ ಪುಣ್ಯ. ಮೂರು ಗಂಟೆ ಪಾಳಿ, ಒಂಬತ್ತು ಗಂಟೆ ಬಿಡುವು. ರಾತ್ರಿ 8ರಿಂದ 11, 11ರಿಂದ 2, 2ರಿಂದ 5, 5ರಿಂದ 8, ಹೀಗೆ ಹಂಚುತ್ತಾರೆ. ದಿನಾ ಪಾಳಿ ಬದಲಾಯಿಸುವುದು ನ್ಯಾಯ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಬ್ಬರಿಗೆ ಒಂದೇ ಹೊತ್ತು ಕೊಟ್ಟರೆ ನಾಲ್ಕೈದು ದಿನದಲ್ಲಿ ಮೈ ಹೊಂದಿಕೊಳ್ಳುತ್ತದೆ, ಗಡಿಯಾರ ಇಲ್ಲದೆಯೂ ಎಚ್ಚರವಾಗುತ್ತದೆ. 2ರಿಂದ 5ರ ಪಾಳಿ ಯಾರಿಗೂ ಬೇಡ. ಅದನ್ನು ತಾನಾಗಿ ತೆಗೆದುಕೊಳ್ಳುವ ಸ್ಕಿಪ್ಪರ್ ಸಿಕ್ಕರೆ ಬಿಡಬೇಡಿ.

ಇಬ್ಬರೇ ಹೋದರೆ ಲೆಕ್ಕ ಹೇಗಿರುತ್ತದೆ ನೋಡಿ. ನಮ್ಮ ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್‌ಗಳಾದ ದಿಲ್ನಾ ಕೆ. ಮತ್ತು ರೂಪಾ ಎ. 'ತಾರಿಣಿ' ಎಂಬ 17 ಮೀಟರ್ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ಕ್ಕೆ ಗೋವಾದಿಂದ ಹೊರಟು ಭೂಮಿ ಸುತ್ತಿ 2025ರ ಮೇ ಕೊನೆಗೆ ಮರಳಿದರು. ನಡುವೆ ಕೆಲವು ಬಂದರುಗಳಲ್ಲಿ ನಿಂತರು, ಅಷ್ಟೇ. ಇಬ್ಬರಲ್ಲಿ ಒಬ್ಬರು ಎಚ್ಚರ ಇರಲೇಬೇಕು ಅಂದರೆ ಇನ್ನೊಬ್ಬರಿಗೆ ಒಟ್ಟಿಗೆ ಮಲಗಲು ಮೂರು ನಾಲ್ಕು ಗಂಟೆ ಸಿಕ್ಕರೆ ದೊಡ್ಡದು. ಅವರ ಸಾಹಸದ ಸುದ್ದಿಗಳಲ್ಲಿ ಅಲೆಯ ಎತ್ತರ ಬಂತು, ಚಳಿ ಬಂತು. ನನಗೆ ಬೆರಗಾದದ್ದು ಆ ನಿದ್ದೆಯ ಲೆಕ್ಕ.

ಪಾಳಿಯಲ್ಲಿ ಏನು ಕೆಲಸ? ಚುಕ್ಕಾಣಿ ಹಿಡಿದು ನಿಲ್ಲುವುದಲ್ಲವೇ ಅಂದುಕೊಂಡಿದ್ದರೆ, ಬಹುತೇಕ ಇಲ್ಲ. ವಿದ್ಯುತ್‌ನಲ್ಲಿ ನಡೆಯುವ ಆಟೋಪೈಲಟ್ ಇರುತ್ತದೆ. ಇಲ್ಲವೇ ದೋಣಿಯ ಹಿಂದೆ ಗಾಳಿಪಟ್ಟಿ ಕಟ್ಟಿದ ವಿಂಡ್‌ವೇನ್ ಇರುತ್ತದೆ. ಗಾಳಿಯ ದಿಕ್ಕು ಹಿಡಿದು ತಾನೇ ದೋಣಿ ನಡೆಸುತ್ತದೆ, ಒಂದು ಹನಿ ಕರೆಂಟೂ ಬೇಡ. ಎರಡೂ ಇದ್ದರೆ ನೆಮ್ಮದಿ. ಆಟೋಪೈಲಟ್ ಕೆಟ್ಟರೆ ಮಾತ್ರ ನಾಲ್ವರೂ ಸರದಿಯಲ್ಲಿ ಕೈಯಲ್ಲೇ ನಡೆಸಬೇಕು. ಆಗ ಮೊದಲು ಹಾಳಾಗುವುದು ಮತ್ತೆ ನಿದ್ದೆಯೇ.

ಪಾಳಿಯವರ ಕೆಲಸ ನೋಡುವುದು. ಡೆಕ್ಕಿನಲ್ಲಿ ಕೂತವರ ಕಣ್ಣು ನೀರಿನಿಂದ ಎರಡೂವರೆ ಮೀಟರ್ ಎತ್ತರದಲ್ಲಿದ್ದರೆ ದಿಗಂತ ಆರು ಕಿಲೋಮೀಟರ್ ದೂರ, ಅಷ್ಟೇ. ದೊಡ್ಡ ಹಡಗು 20 ನಾಟ್ ವೇಗದಲ್ಲಿ ನಿಮ್ಮ ಕಡೆಗೇ ಬರುತ್ತಿದ್ದರೆ, ದೀಪ ಕಂಡ ಮೇಲೆ ಇರುವುದು ಹದಿನೈದು ಇಪ್ಪತ್ತು ನಿಮಿಷ. ಅದಕ್ಕೇ ಹತ್ತು ನಿಮಿಷಕ್ಕೊಮ್ಮೆ ಎದ್ದು ಪೂರ್ತಿ ಒಂದು ಸುತ್ತು ಕಣ್ಣಾಡಿಸಬೇಕು. ಹಾಯಿಯ ಹಿಂದೆ ಮರೆಯಾದ ಜಾಗವನ್ನೂ ಬಗ್ಗಿ ನೋಡಬೇಕು. ಹಡಗುಗಳ ಹೆಸರು, ವೇಗ, ದಿಕ್ಕು ತೋರಿಸುವ ಎಐಎಸ್ ಈಗ ಹೆಚ್ಚಿನ ಎಲ್ಲ ಯಾಟ್‌ಗಳಲ್ಲೂ ಇದೆ. ಬಹಳ ಒಳ್ಳೆಯ ಸಾಧನ. ಆದರೆ ಎಐಎಸ್ ಇಲ್ಲದ ಸಣ್ಣ ದೋಣಿ, ತೇಲುವ ಮರದ ದಿಮ್ಮಿ ಪರದೆಯಲ್ಲಿ ಬರುವುದಿಲ್ಲ. ನಡುಸಮುದ್ರದಲ್ಲಿ ದಿನಗಟ್ಟಲೆ ಯಾರೂ ಕಾಣದೇ ಹೋಗಬಹುದು. ಐದನೇ ದಿನದ ಹೊತ್ತಿಗೆ 'ಇಲ್ಲಿ ಯಾರು ಬರುತ್ತಾರೆ ಬಿಡು' ಅಂತ ಅನ್ನಿಸಲು ಶುರುವಾಗುತ್ತದೆ. ಆ ಯೋಚನೆಯೇ ಅಪಾಯದ್ದು.

ರಾತ್ರಿ ಪಾಳಿ ಚೆಂದವೂ ಹೌದು, ಸುಳ್ಳು ಹೇಳುವುದಿಲ್ಲ. ದೋಣಿಯ ಹಿಂದೆ ನೀರು ಹಸಿರಾಗಿ ಹೊಳೆಯುತ್ತದೆ, ಸೂಕ್ಷ್ಮಜೀವಿಗಳ ಬೆಳಕು ಅದು. ಹಾರುಮೀನು ಕತ್ತಲಲ್ಲಿ ದಾರಿ ತಪ್ಪಿ ಡೆಕ್ಕಿಗೆ, ಕೆಲವೊಮ್ಮೆ ನೇರ ನಿಮ್ಮ ಎದೆಗೇ ಬಂದು ಬಡಿಯುತ್ತದೆ. ಬೆಳಿಗ್ಗೆ ಎದ್ದು ಅವನ್ನು ಆರಿಸಿ ಎಸೆಯುವುದು ದಿನದ ಮೊದಲ ಕೆಲಸ. ಸಸ್ಯಾಹಾರಿಗಳೆಂದು ವಿನಾಯಿತಿ ಸಿಗುವುದಿಲ್ಲ. ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ನಾರುತ್ತವೆ.

ಊಟದ ಪ್ರಶ್ನೆಗೆ ಬರೋಣ. ಸಸ್ಯಾಹಾರಿಗೆ ಈ ದಾರಿ ಒಂದಿಷ್ಟೂ ಕಷ್ಟವಲ್ಲ. ನಿಜ ಹೇಳಬೇಕೆಂದರೆ ನಮ್ಮ ಅಡಿಗೆಮನೆ ಸಾಮಾನು ಸಮುದ್ರಕ್ಕೆ ಹೇಳಿ ಮಾಡಿಸಿದ್ದು. ಅಕ್ಕಿ, ಹೆಸರುಬೇಳೆ, ಅವಲಕ್ಕಿ, ಕಡಲೆ, ಚಟ್ನಿಪುಡಿ, ಉಪ್ಪಿನಕಾಯಿ, ಯಾವುದಕ್ಕೂ ಫ್ರಿಜ್ ಬೇಡ. ಕುಕ್ಕರ್ ಅಂತೂ ಬೇಕೇ ಬೇಕು. ಅದರ ಮುಚ್ಚಳ ಬಿಗಿಯಾಗಿ ಕೂರುತ್ತದೆ, ಅಲೆಗೆ ಜಾರಿದರೂ ಚೆಲ್ಲುವುದಿಲ್ಲ, ಗ್ಯಾಸೂ ಉಳಿಯುತ್ತದೆ. ಯುರೋಪಿನ ಹಳೇ ಯಾಟಿನವರೂ ಕುಕ್ಕರ್ ಇಲ್ಲದೆ ಹೊರಡುವುದಿಲ್ಲ.

ಒಲೆ ಎರಡು ಬದಿಯ ಕೀಲಿನ ಮೇಲೆ ತೂಗಾಡುತ್ತಿರುತ್ತದೆ. ದೋಣಿ ವಾಲಿದರೂ ಅದು ಸಮತಟ್ಟಾಗಿ ನಿಲ್ಲುತ್ತದೆ. ಪಾತ್ರೆಯನ್ನು ಲೋಹದ ಹಿಡಿಗಳ ನಡುವೆ ಸಿಕ್ಕಿಸಬೇಕು. ನಾವು ಹುಷಾರಾಗಿರಬೇಕಾದ್ದು ಒಗ್ಗರಣೆಯ ವಿಷಯದಲ್ಲಿ. ಕಾದ ಎಣ್ಣೆ, ಚಟಪಟಿಸುವ ಸಾಸಿವೆ, 20 ಡಿಗ್ರಿ ವಾಲುವ ನೆಲ, ಮೂರೂ ಒಟ್ಟಿಗೆ ಬೇಡ. ದಡದಲ್ಲೇ ರವೆ ಹುರಿದು, ಒಗ್ಗರಣೆ ಹಾಕಿ, ಆರಿಸಿ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ. ಬಿಸಿನೀರು ಹಾಕಿದರೆ ಉಪ್ಪಿಟ್ಟು. ಅಡಿಗೆ ಮಾಡುವಾಗ ಎಷ್ಟೇ ಸೆಕೆ ಇದ್ದರೂ ಉದ್ದದ ಏಪ್ರನ್, ಕಾಲಿಗೆ ಮುಚ್ಚಿದ ಬೂಟು ಹಾಕಿ. ಈ ದಾರಿಯಲ್ಲಿ ಆಗುವ ಗಾಯಗಳಲ್ಲಿ ಬಿಸಿನೀರು ಚೆಲ್ಲಿ ಸುಡುವುದು ತೀರ ಮಾಮೂಲು. ಆಸ್ಪತ್ರೆ ಎರಡು ವಾರ ದೂರ. ಊಟಕ್ಕೆ ತಟ್ಟೆ ಬೇಡ, ಆಳವಾದ ಬಟ್ಟಲು ಸಾಕು.

ತರಕಾರಿಯಲ್ಲಿ ಈರುಳ್ಳಿ, ಆಲೂಗಡ್ಡೆ, ಕುಂಬಳಕಾಯಿ, ಎಲೆಕೋಸು ಕೊನೆವರೆಗೂ ಬರುತ್ತವೆ. ಎಲೆಕೋಸನ್ನು ಕತ್ತರಿಸಬೇಡಿ, ಹೊರಗಿನಿಂದ ಒಂದೊಂದೇ ಎಲೆ ಬಿಡಿಸಿ. ಒಮ್ಮೆಯೂ ಫ್ರಿಜ್‌ನಲ್ಲಿಡದ ತರಕಾರಿಯನ್ನೇ ಮಾರುಕಟ್ಟೆಯಲ್ಲಿ ಕೇಳಿ ತೆಗೆದುಕೊಳ್ಳಬೇಕು, ಫ್ರಿಜ್‌ನಿಂದ ಹೊರಬಂದದ್ದು ಬೇಗ ಕೊಳೆಯುತ್ತದೆ. ಕೆನರಿಯಲ್ಲಿ ಬಾಳೆಗೊನೆ ಇಡೀ ಕೊಂಡು ಹಿಂದೆ ನೇತುಹಾಕುವುದು ಒಂದು ಸಂಪ್ರದಾಯ. ಫೋಟೋಗೆ ಚೆಂದ. ಆದರೆ ಗೊನೆಯ ಕಾಯಿ ಎಲ್ಲಾ ಎರಡು ಮೂರು ದಿನದ ಅಂತರದಲ್ಲಿ ಹಣ್ಣಾಗುತ್ತವೆ, ನಾಲ್ವರು ತಿಂದು ಮುಗಿಸಲು ಆಗುವುದಿಲ್ಲ. ಬಾಳೆಕಾಯಿ ಪಲ್ಯ ಗೊತ್ತಿರುವ ನೀವು ಹಸಿರಿದ್ದಾಗಲೇ ಅರ್ಧ ಗೊನೆ ಖಾಲಿ ಮಾಡಬಹುದು. ಎರಡನೇ ವಾರದಲ್ಲಿ ಹಸಿರು ಬೇಕೆನಿಸಿದಾಗ ಹೆಸರುಕಾಳು ಮೊಳಕೆ ಕಟ್ಟಿ, ಇಡೀ ದೋಣಿಯವರು ನಿಮ್ಮ ಸುತ್ತ ಸೇರುತ್ತಾರೆ. ಇನ್ನೊಂದು: ಅಂಗಡಿಯ ರಟ್ಟಿನ ಪೆಟ್ಟಿಗೆಗಳನ್ನು ದೋಣಿಯೊಳಗೆ ತರಬಾರದು. ಜಿರಲೆ ಮೊಟ್ಟೆ ಅದರ ಮಡಿಕೆಗಳಲ್ಲಿ ಬರುತ್ತದೆ. ಎಲ್ಲವನ್ನೂ ದಡದಲ್ಲೇ ಬಿಡಿಸಿ ಒಳಗೆ ಸಾಗಿಸಬೇಕು.

ಮೊದಲ ಎರಡು ಮೂರು ದಿನ ಇದ್ಯಾವುದೂ ನಿಮಗೆ ಬೇಡವಾಗಬಹುದು. ಸಮುದ್ರದ ವಾಕರಿಕೆ ಬರುತ್ತದೆ. ಅವಮಾನ ಏನಿಲ್ಲ, ಬ್ರಿಟನ್ನಿನ ಅಡ್ಮಿರಲ್ ನೆಲ್ಸನ್‌ಗೇ ಜೀವನವಿಡೀ ಇತ್ತು. ಮಾತ್ರೆಯನ್ನು ವೈದ್ಯರನ್ನು ಕೇಳಿ ಹೊರಡುವ ಮೊದಲೇ ಶುರು ಮಾಡಬೇಕು, ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕೆಲವು ಮಾತ್ರೆಗಳಿಗೆ ವಿಪರೀತ ಮಂಪರು ಬರುತ್ತದೆ, ಹಾಗಾಗಿ ದಡದಲ್ಲಿ ಒಂದು ದಿನ ತಿಂದು ನೋಡಿ. ಡೆಕ್ಕಿನಲ್ಲಿ ಕೂತು ದಿಗಂತ ನೋಡುವುದು, ಕೈಗೆ ಚುಕ್ಕಾಣಿ ತೆಗೆದುಕೊಳ್ಳುವುದು ಕೆಲಸಕ್ಕೆ ಬರುತ್ತದೆ. ಕೆಳಗೆ ಬಂದರೆ ಕೂರಬೇಡಿ, ಸೀದಾ ಮಲಗಿಬಿಡಿ. ನೀರು ಗುಟುಕು ಗುಟುಕಾಗಿ ಕುಡಿಯುತ್ತಿರಿ. ಒಣ ಅವಲಕ್ಕಿ, ಶುಂಠಿ, ಉಪ್ಪು ಬಿಸ್ಕೆಟ್ ಕೈಗೆ ಸಿಗುವಲ್ಲಿ ಇಡಿ. ನಾಲ್ಕನೇ ದಿನ ಬೆಳಿಗ್ಗೆ ಹೊಟ್ಟೆ ಹಸಿದು ಎಚ್ಚರವಾದರೆ ಅಲ್ಲಿಗೆ ಮುಗಿಯಿತು ಅಂತ ಲೆಕ್ಕ.

ನೀರಿನ ಲೆಕ್ಕ ಸರಳ. ಟ್ಯಾಂಕ್ 350 ಲೀಟರ್ ಇದ್ದರೆ ನಾಲ್ಕು ಜನಕ್ಕೆ, 20 ದಿನಕ್ಕೆ, ತಲೆಗೆ ದಿನಕ್ಕೆ ನಾಲ್ಕು ಲೀಟರ್ ಚಿಲ್ಲರೆ. ಕುಡಿಯಲು, ಅಡಿಗೆಗೆ ಸಾಕು, ಸ್ನಾನಕ್ಕೆ ಸಾಲದು. ಉಪ್ಪುನೀರು ಸಿಹಿ ಮಾಡುವ ಯಂತ್ರ ಹಲವು ದೋಣಿಗಳಲ್ಲಿದೆ. ಇದ್ದರೂ ಅದು ಕೆಡುತ್ತದೆ ಅಂದುಕೊಂಡೇ ನೀರು ತುಂಬಬೇಕು, ಅದೂ ಬೇರೆ ಬೇರೆ ಟ್ಯಾಂಕು, ಬಾಟಲಿಗಳಲ್ಲಿ. ಪಾತ್ರೆ ಸಮುದ್ರದ ನೀರಿನಲ್ಲೇ ತೊಳೆಯುವುದು. ಸ್ನಾನವೂ ಬಕೆಟ್ಟಿನಲ್ಲಿ ಸಮುದ್ರದ ನೀರು ಮೊಗೆದು, ಕೊನೆಗೆ ಒಂದು ಚೊಂಬು ಸಿಹಿನೀರು. ಸಾಧಾರಣ ಸೋಪು ಉಪ್ಪುನೀರಿನಲ್ಲಿ ನೊರೆ ಬರುವುದಿಲ್ಲ, ಶಾಂಪೂ ಬರುತ್ತದೆ. ಆ ಕೊನೆಯ ಚೊಂಬು ಮಾತ್ರ ತಪ್ಪಿಸಬೇಡಿ. ಮೈಮೇಲೆ, ಬಟ್ಟೆಯಲ್ಲಿ ಉಳಿದ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ಉಪ್ಪು ಕುಡಿದ ಚಡ್ಡಿ ಎಷ್ಟು ಬಿಸಿಲಿಗೆ ಹಾಕಿದರೂ ಸಂಜೆಗೆ ಮತ್ತೆ ಒದ್ದೆ. ಅದರಲ್ಲೇ ಕೂತರೆ ಕೂರುವ ಜಾಗದಲ್ಲಿ ಗುಳ್ಳೆ ಏಳುತ್ತವೆ, ಆಮೇಲೆ ಪಾಳಿಯೂ ಕಷ್ಟ, ಮಲಗುವುದೂ ಕಷ್ಟ. ಹಾಸಿಗೆಗೆ ಉಪ್ಪು ಬಟ್ಟೆ ತರಬಾರದು ಎಂಬ ನಿಯಮ ಇಲ್ಲದ ದೋಣಿಯಲ್ಲಿ ಎರಡನೇ ವಾರಕ್ಕೆ ಯಾರಿಗೂ ನಿದ್ದೆ ಇರುವುದಿಲ್ಲ.

ಕಕ್ಕಸಿನ ಬಗ್ಗೆ ನೀವು ಕೇಳಿಲ್ಲ, ಸಂಕೋಚ ಇರಬೇಕು. ಕೈಪಂಪಿನ ಕಮೋಡು ಇರುತ್ತದೆ. ಗಂಡಸರೂ ಕೂತೇ ಮಾಡಬೇಕು, ಅದು ನಿಯಮ. ಕಟ್ಟಿಕೊಂಡರೆ ಬಿಚ್ಚುವವರು ನೀವೇ ನಾಲ್ಕು ಜನ. ರಾತ್ರಿ ದೋಣಿಯ ಅಂಚಿಗೆ ನಿಂತು ಮೂತ್ರ ಮಾಡುವ ಚಪಲ ಬೇಡ. ಇದು ತಮಾಷೆಯ ಮಾತಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಗಲೆಲ್ಲಾ ಏನು ಮಾಡುವುದು ಅಂದಿರಿ. ದೋಣಿ ದಿನಾ ಸವೆಯುತ್ತಿರುತ್ತದೆ, ಅದನ್ನು ಹುಡುಕುವುದೇ ಕೆಲಸ. ಹಗ್ಗವೊಂದು ಒಂದೇ ಜಾಗದಲ್ಲಿ ರಾಟೆಗೆ ಉಜ್ಜುತ್ತಿದ್ದರೆ ಸಾವಿರಾರು ಸಲ ಹೊರಳಿದ ಮೇಲೆ ಕತ್ತರಿಸಿ ಹೋಗುತ್ತದೆ. ಹಾಗಾಗಿ ಹಾಯಿ ಎತ್ತುವ ಹಗ್ಗವನ್ನು ಆಗಾಗ ನಾಲ್ಕು ಬೆರಳಷ್ಟು ಎಳೆದೋ ಬಿಟ್ಟೋ ಉಜ್ಜುವ ಜಾಗ ಬದಲಾಯಿಸುತ್ತಾರೆ. ಬೆಳಿಗ್ಗೆ ಡೆಕ್ ಮೇಲೆ ಒಂದು ಸಣ್ಣ ಪಿನ್ನೋ ಸ್ಕ್ರೂವೋ ಬಿದ್ದಿದ್ದರೆ ತಿಂಡಿ ಆಮೇಲೆ, ಮೊದಲು ಅದು ಎಲ್ಲಿಂದ ಬಿತ್ತು ಅಂತ ಹುಡುಕಬೇಕು. ಮೇಲೆ ಎಲ್ಲೋ ಏನೋ ಅರ್ಧ ಬಿಚ್ಚಿಕೊಂಡಿದೆ. ಸೌರಫಲಕಗಳಿಂದ ಎಷ್ಟು ಕರೆಂಟು ಬಂತು ನೋಡಬೇಕು. ಪಶ್ಚಿಮಕ್ಕೆ ಹೋಗುವ ದೋಣಿಗೆ ಮಧ್ಯಾಹ್ನದ ಮೇಲೆ ಹಾಯಿಯ ನೆರಳೇ ಫಲಕದ ಮೇಲೆ ಬೀಳುತ್ತದೆ. 2011ರಿಂದೀಚೆಗೆ ಈ ಸಮುದ್ರದಲ್ಲಿ ಸರ್ಗಾಸಮ್ ಎಂಬ ತೇಲುವ ಪಾಚಿಯೂ ಬಹಳ ಜಾಸ್ತಿಯಾಗಿದೆ. ವಿಂಡ್‌ವೇನಿನ ಪಟ್ಟಿಗೆ, ಚುಕ್ಕಾಣಿಗೆ ಅದು ಸುತ್ತಿಕೊಂಡರೆ ಕೋಲು ಹಿಡಿದು ಬಿಡಿಸುತ್ತಾ ಕೂರಬೇಕು. ಪ್ಲಾಸ್ಟಿಕ್ ಒಂದು ಚೂರೂ ನೀರಿಗೆ ಹಾಕುವಂತಿಲ್ಲ, ಅಂತರರಾಷ್ಟ್ರೀಯ ಕಾಯಿದೆ ಅದು. ಎಲ್ಲಾ ಪ್ಯಾಕೆಟ್‌ಗಳನ್ನೂ ತೊಳೆದು, ಮಡಿಸಿ, ಆಚೆ ದಡದವರೆಗೆ ಒಯ್ಯಬೇಕು.

ಮಿಕ್ಕ ಹೊತ್ತಲ್ಲಿ ಓದಿ, ಹಾಡು ಕೇಳಿ. ಸ್ಟಾರ್‌ಲಿಂಕ್ ಎಂಬ ಉಪಗ್ರಹ ಇಂಟರ್ನೆಟ್ ಬಂದ ಮೇಲೆ ನಡುಸಮುದ್ರದಿಂದಲೂ ಮನೆಗೆ ವಿಡಿಯೋ ಕಾಲ್ ಮಾಡಬಹುದು. ನಿಮ್ಮ ಮನೆಯವರಿಗೆ ಇದು ಸಮಾಧಾನದ ವಿಷಯ. ಆದರೆ 'ದಿನಾ ಫೋನ್ ಮಾಡುತ್ತೇನೆ' ಅಂತ ಮಾತು ಕೊಡಬೇಡಿ. ಒಂದು ದಿನ ಡಿಶ್ ಕೆಟ್ಟರೆ ಮನೆಯಲ್ಲಿ ಗಾಬರಿಯಾಗುತ್ತದೆ. 'ಸುದ್ದಿ ಬರದಿದ್ದರೆ ಉಪಕರಣ ಕೆಟ್ಟಿದೆ ಅಂದುಕೋ' ಅಂತ ಮೊದಲೇ ಹೇಳಿ. ಮೊಬೈಲು ಹಿಡಿದು ನಿದ್ದೆಯ ಹೊತ್ತು ಕಳೆಯುವ ರೋಗವೂ ಇದರ ಜೊತೆ ದೋಣಿಗೆ ಬಂದಿದೆ.

ಜನರ ಮಾತೂ ಹೇಳಿಬಿಡುತ್ತೇನೆ. ಜಗಳ ಹುಟ್ಟುವುದು ದೊಡ್ಡ ವಿಷಯಕ್ಕಲ್ಲ. ಪಾಳಿಗೆ ಹತ್ತು ನಿಮಿಷ ತಡವಾಗಿ ಬಂದದ್ದಕ್ಕೆ, ಕೊನೆಯ ಚಾಕೊಲೇಟಿಗೆ. ಗಡಿಯಾರಕ್ಕೂ ಜಗಳ ಆಗುತ್ತದೆ: ಕೆನರಿಗೂ ಸೇಂಟ್ ಲೂಸಿಯಾಕ್ಕೂ ನಾಲ್ಕು ಗಂಟೆ ವ್ಯತ್ಯಾಸ, ದಾರಿಯಲ್ಲಿ ನಾಲ್ಕು ಸಲ ಗಂಟೆ ಹಿಂದಕ್ಕೆ ಹಾಕಬೇಕು. ಅದನ್ನು ಯಾರದೋ ರಾತ್ರಿ ಪಾಳಿಯಲ್ಲಿ ಹಾಕಿದರೆ ಆ ಬಡಪಾಯಿಗೆ ನಾಲ್ಕು ಗಂಟೆ ಪಾಳಿ. ಹಗಲಲ್ಲಿ, ಎಲ್ಲರೂ ಎದ್ದಿರುವಾಗ ಹಾಕಿ. ಸಂಜೆ ಊಟ ನಾಲ್ವರೂ ಒಟ್ಟಿಗೆ ಮಾಡುವ ಪದ್ಧತಿ ಇಟ್ಟುಕೊಂಡ ದೋಣಿಗಳಲ್ಲಿ ಇಂಥದ್ದು ಕಡಿಮೆ.

ಈಗ ನಿಜವಾದ ಅಪಾಯ. ನೀರಿಗೆ ಬೀಳುವುದು. ಆರು ನಾಟ್ ವೇಗದಲ್ಲಿ ದೋಣಿ ನಿಮಿಷಕ್ಕೆ 185 ಮೀಟರ್ ಹೋಗುತ್ತದೆ. ಎರಡು ಮೂರು ಮೀಟರ್ ಅಲೆಗಳ ನಡುವೆ ಒಂದು ತಲೆ ಅಷ್ಟು ದೂರದಲ್ಲಿ ಕಾಣಿಸುವುದಿಲ್ಲ. ಹಿಂದಿನ ಗಾಳಿಗೆ ಹಾಯಿಗಳನ್ನು ಕಂಬ ಹಾಕಿ ಕಟ್ಟಿರುತ್ತಾರೆ, ಬಿಚ್ಚಿ ತಿರುಗಿಸುವುದಕ್ಕೇ ಹಲವು ನಿಮಿಷ ಬೇಕು. ರಾತ್ರಿ, ಒಬ್ಬರೇ ಡೆಕ್ಕಿನಲ್ಲಿದ್ದಾಗ ಬಿದ್ದರೆ ಪಾಳಿ ಬದಲಾಗುವವರೆಗೆ ಯಾರಿಗೂ ಗೊತ್ತೇ ಆಗುವುದಿಲ್ಲ. ಅದಕ್ಕೇ ಮೈಗೆ ಬೆಲ್ಟು, ಬೆಲ್ಟಿನಿಂದ ದೋಣಿಗೆ ಕೊಕ್ಕೆ. ಕತ್ತಲಲ್ಲಿ ಯಾವಾಗಲೂ. ಕಾಕ್‌ಪಿಟ್, ಅಂದರೆ ಚುಕ್ಕಾಣಿಯ ಹತ್ತಿರ ಕೂರುವ ತಗ್ಗು ಜಾಗ, ಬಿಟ್ಟು ಮುಂದಕ್ಕೆ ಹೋಗಬೇಕಾದರೆ ಇನ್ನೊಬ್ಬರನ್ನು ಎಬ್ಬಿಸಿಯೇ ಹೋಗಬೇಕು. ಎಬ್ಬಿಸಿದರೆ ಬೈಯುವ ಸ್ಕಿಪ್ಪರ್ ಜೊತೆ ಹೋಗಬೇಡಿ. ಇನ್ನೊಂದು ಬೂಮ್, ಅಂದರೆ ಹಾಯಿಯ ಕೆಳಗಿನ ಅಡ್ಡಗಂಬ. ಗಾಳಿ ಹಿಂದಿನಿಂದ ಇದ್ದಾಗ ದೋಣಿ ಸ್ವಲ್ಪ ಓರೆಯಾದರೆ ಅದು ಬಿರುಸಾಗಿ ಆ ಕಡೆಯಿಂದ ಈ ಕಡೆಗೆ ಬೀಸುತ್ತದೆ, ತಲೆ ಸಿಕ್ಕರೆ ಕಥೆ ಮುಗಿಯಿತು. ಅದನ್ನು ಮುಂದಕ್ಕೆ ಎಳೆದು ಕಟ್ಟುವ ಹಗ್ಗ ಸದಾ ಬಿಗಿಯಾಗಿರಬೇಕು.

ಸಹಾಯ ದೂರ. ಹೆಲಿಕಾಪ್ಟರ್ ಅಷ್ಟು ದೂರ ಬರುವುದಿಲ್ಲ. ತುರ್ತು ಬೀಕನ್ ಒತ್ತಿದರೆ ಉಪಗ್ರಹದ ಮೂಲಕ ಸಂದೇಶ ಹೋಗಿ, ಹತ್ತಿರದ ಸರಕು ಹಡಗನ್ನು ತಿರುಗಿಸಿ ಕಳಿಸುತ್ತಾರೆ. 2018ರ ಸೆಪ್ಟೆಂಬರ್‌ನಲ್ಲಿ, ಒಂಟಿಯಾಗಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿದ್ದ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಅವರ ದೋಣಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಮಗುಚಿ ಬೆನ್ನಿಗೆ ಪೆಟ್ಟಾದಾಗ ಫ್ರಾನ್ಸಿನ 'ಒಸಿರಿಸ್' ಹಡಗು ತಲುಪಿದ್ದು ಮೂರು ದಿನದ ಮೇಲೆ. ಅದು ಭೂಮಿಯ ಅತಿ ಕೆಟ್ಟ ಸಮುದ್ರಗಳಲ್ಲೊಂದು. ನಿಮ್ಮ ದಾರಿಗೆ ಹೋಲಿಕೆಯೇ ಇಲ್ಲ, ಅದನ್ನು ಮನೆಯಲ್ಲಿ ಬಿಡಿಸಿ ಹೇಳಿ. ಅದೇ ಟೋಮಿ ಮುಂದಿನ ಸಲದ ಅದೇ ಸ್ಪರ್ಧೆಯಲ್ಲಿ, 2023ರಲ್ಲಿ, ಎರಡನೆಯವರಾಗಿ ದಡ ಸೇರಿದರು. ಕಾಯಿಲೆಗೆ ರೇಡಿಯೋ ಅಥವಾ ಉಪಗ್ರಹ ಫೋನಿನಲ್ಲಿ ವೈದ್ಯರು ಸಿಗುತ್ತಾರೆ. ರೋಮ್‌ನ ಸಿಐಆರ್‌ಎಂ ಕೇಂದ್ರ 1935ರಿಂದ ಯಾವ ದೇಶದ ಹಡಗಿಗಾದರೂ ಪುಕ್ಕಟೆ ಸಲಹೆ ಕೊಡುತ್ತಿದೆ. ಹೊರಡುವ ಮುನ್ನ ಹಲ್ಲಿನ ಡಾಕ್ಟರ ಹತ್ತಿರ ಹೋಗಿಬನ್ನಿ. ಹಲ್ಲುನೋವು ಫೋನಿನಲ್ಲಿ ವಾಸಿಯಾಗುವುದಿಲ್ಲ.

ಹೋಗಲೋ ಬೇಡವೋ? ದಾರಿ ನೋಡಿ ಹೇಳುವುದಾದರೆ ಹೋಗಿ. ಮೊದಲ ಸಲ ಮಹಾಸಾಗರ ದಾಟುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಆದರೆ ನಿಮ್ಮ ಉತ್ತರ ಸ್ಕಿಪ್ಪರ್ ಬಳಿ ಇದೆ. ಅವರನ್ನು ಕೇಳಿ: ನನ್ನ ಹಾಸು ಎಲ್ಲಿ, ತಡೆಬಟ್ಟೆ ಇದೆಯೇ, ಅದು ನನ್ನದೊಬ್ಬನದೇ ಅಥವಾ ಎದ್ದವನ ಜಾಗದಲ್ಲಿ ಇನ್ನೊಬ್ಬ ಮಲಗುವುದೇ? ಪಾಳಿ ಪಟ್ಟಿ ಬರೆದಿದ್ದೀರಾ? ಆಟೋಪೈಲಟ್ ಕೆಟ್ಟರೆ ಎರಡನೆಯದು ಏನು? ರಾತ್ರಿ ಹಾಯಿ ಯಾವಾಗ ಚಿಕ್ಕದು ಮಾಡುತ್ತೀರಿ? ಲೈಫ್‌ರಾಫ್ಟ್ (ದೋಣಿ ಮುಳುಗಿದರೆ ಹತ್ತುವ ಗಾಳಿ ತುಂಬುವ ತೆಪ್ಪ) ಕೊನೆಯ ಸಲ ಸರ್ವಿಸ್ ಆದದ್ದು ಯಾವಾಗ? ಇವಕ್ಕೆ ನಿಧಾನವಾಗಿ, ಬೇಸರವಿಲ್ಲದೆ ಉತ್ತರ ಕೊಟ್ಟರೆ ಒಳ್ಳೆಯ ಲಕ್ಷಣ. 'ಅದೆಲ್ಲ ಅಲ್ಲಿ ನೋಡಿಕೊಳ್ಳೋಣ' ಅಂದರೆ ನಿಮ್ಮ ಹೆಂಡತಿಯವರ ಮಾತೇ ಸರಿ. ಉತ್ತರ ಹಿಡಿಸಿದರೂ ನವೆಂಬರ್‌ಗೆ ಮೊದಲು ಅದೇ ದೋಣಿ, ಅದೇ ಜನರ ಜೊತೆ ಕನಿಷ್ಠ ಎರಡು ರಾತ್ರಿ ನಿಲ್ಲದೆ ಸಮುದ್ರದಲ್ಲಿ ಕಳೆಯಿರಿ. ಉತ್ತರ ಸಮುದ್ರ ನಿಮಗೆ ಹತ್ತಿರವೇ ಇದೆ. ನೀವು ಅಲ್ಲಿ ಮಲಗಬಲ್ಲಿರಾ ಅನ್ನುವುದು ಗೊತ್ತಾಗುತ್ತದೆ.

ಕಾಗದಪತ್ರದ್ದು ಕೊನೆಗೆ. ಭಾರತದ ಪಾಸ್‌ಪೋರ್ಟ್ ಇದ್ದರೆ ಇಳಿಯುವ ದ್ವೀಪದ ವೀಸಾ ನಿಯಮ ಈಗಲೇ ವಿಚಾರಿಸಿ. ಗಾಳಿ ಕೈಕೊಟ್ಟರೆ ಪಕ್ಕದ ದ್ವೀಪಕ್ಕೆ ಹೋಗಬೇಕಾಗಬಹುದು, ಅಲ್ಲಿಯದನ್ನೂ ನೋಡಿಡಿ. ದೋಣಿಯಲ್ಲಿ ಬಂದ ಸಿಬ್ಬಂದಿಗೆ ವಾಪಸ್ ಟಿಕೆಟ್ ಕೇಳುವುದುಂಟು. ದಿನ ಬದಲಾಯಿಸಲು ಬರುವ ಟಿಕೆಟ್ಟನ್ನೇ ಕೊಳ್ಳಿ, ಯಾಕೆಂದರೆ 17 ದಿನವೂ ಆಗಬಹುದು, 25ವೂ ಆಗಬಹುದು. ಆಫೀಸಿನಲ್ಲಿ ಮೂರು ವಾರ ಅಂತ ರಜೆ ಹಾಕಬೇಡಿ, ಐದು ವಾರ ಹಾಕಿ. ರಜೆಗೆ ಹೆದರಿ ಓಡುವ ದೋಣಿಯಲ್ಲಿ ರಾತ್ರಿ ಹಾಯಿ ಚಿಕ್ಕದಾಗುವುದಿಲ್ಲ. ಸ್ಕಿಪ್ಪರ್ ಪಾಳಿ ಪಟ್ಟಿ ಕೊಟ್ಟ ಮೇಲೆ ನನಗೂ ಕಳಿಸಿ, ನೋಡಿ ಹೇಳುತ್ತೇನೆ.